ನಡು ಅಂಗಳದ ಮೋಟಾರು

“ಉಸುಕು,” ಎಂದ ಜಮಾಲಸಾಬ.

ಎಂಜಿನ್ನಿನಿಂದ ಬಸಿದ ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಆ ಬೆರಳುಗಳನ್ನು ಅಣ್ಣತಮ್ಮಂದಿರ ಮುಂದೆ ಹಿಡಿದ. ಕರಿ ಎಣ್ಣೆಯಲ್ಲಿ ಸಣ್ಣ ಹರಳುಗಳು ಬಿಸಿಲಿಗೆ ಮಿನುಗಿದವು.

“ತಾನಾಗಿ ಬಂದದ್ದಲ್ಲರಿ ಇದು. ಯಾರೋ ಬೇಕಂತ ಮುಚ್ಚಳಾ ತಗದು ಸುರುವ್ಯಾರ.”

ಯುದ್ಧದ ಕಾಲ. ಮೋಟಾರುಗಾಡಿಯ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಸವಣೂರಿನ ಈ ಮಿಸ್ತ್ರಿ ಹುಬ್ಬಳ್ಳಿಯ ಅಂಗಡಿ ಅಂಗಡಿ ತಿರುಗಿ ಹಳೆಯ ಸಾಮಾನು ಹೊಂದಿಸಿ, ಇವರ ಊರು ಹತ್ತಿಮತ್ತೂರಿಗೆ ಮತ್ತೆ ಮತ್ತೆ ಬಂದು ಎಂಜಿನ್ನನ್ನು ಬಿಚ್ಚಿ ಜೋಡಿಸಿದ್ದ. ಆ ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿದಾಗ ಮೋಟಾರು ಒಮ್ಮೆ ಗುಡುಗಿತು. ಆಮೇಲೆ ಕರಕರನೆ ಹಲ್ಲು ಕಡಿಯಿತು. ನಿಂತಿತು.

ಕರಬಸಪ್ಪ ತಮ್ಮನ ಕಡೆ ತಿರುಗಿದ.

“ಗುಜರಿಗೆ ಹಾಕೂಣು, ಗುಜರಿಗೆ ಹಾಕೂಣು ಅಂತ ಒಂದ ಸವನ ಬಡಕೋತಿದ್ದಿ. ಹಾಕಿದಿ ನೋಡು! ಅಪ್ಪನ ಮೋಟಾರಿನ ಹೊಟ್ಟಿಗೆ ಮಣ್ಣು ಹಾಕಿದಿ!”

“ನಾ ಯಾಕ ಹಾಕಲಿ?” ದ್ಯಾಮಪ್ಪನ ಕುತ್ತಿಗೆಯ ನರ ಉಬ್ಬಿತು. “ಚಾಲೂ ಆದ್ರ ಮಾರೂದು ಅಂತ ಪಂಚರ ಮುಂದ ಒಪ್ಪಿದ್ವಿ. ಮಾರಾಕ ನಿನಗ ಮನಸಿಲ್ಲ. ಕೆಟ್ಟು ಬಿದ್ದಿರಲಿ, ಮುಂದ ನನ್ನ ಕಡೆ ಎಳಕೊಂಡ್ರಾತು ಅಂತ ನೀನ ಹಾಕಿದಿ!”

ಇಬ್ಬರ ಮಾತೂ ಊರು ನಂಬುವಂಥದ್ದೇ.

ಅಪ್ಪ ಸತ್ತ ಮೇಲೆ ಹೊಲದ ನೀರಿನ ಸರದಿಗೆ ಹುಟ್ಟಿದ ಜಗಳ ಮನೆ ಒಡೆಯುವವರೆಗೆ ಬಂದಿತ್ತು. ಪಂಚರು ಕೂತು ಹೊಲ, ಎತ್ತು, ಕಾಳಿನ ಹಗೇವು, ಹಂಡೆ ಎಲ್ಲ ಪಾಲು ಮಾಡಿದರು. ತಾಯಿ ಶಿವಬಸವ್ವನನ್ನೂ ಬಿಡಲಿಲ್ಲ: ಒಂದು ತಿಂಗಳು ಅಣ್ಣನ ಕಡೆ, ಒಂದು ತಿಂಗಳು ತಮ್ಮನ ಕಡೆ. ಅಂಗಳದ ನಡುವೆ ಗೋಡೆ ಎಬ್ಬಿಸಬೇಕೆಂದು ಗೆರೆ ಎಳೆದರು. ಆ ಗೆರೆಯ ಮೇಲೇ, ಅಪ್ಪ ಕಡೆಯ ಸಲ ನಿಲ್ಲಿಸಿದಲ್ಲೇ, ಕೆಟ್ಟ ಮೋಟಾರು ನಿಂತಿತ್ತು. ಆ ಕಡೆ ತಳ್ಳಲು ದ್ಯಾಮಪ್ಪ ಬಿಡಲಿಲ್ಲ. ಈ ಕಡೆ ತಳ್ಳಲು ಕರಬಸಪ್ಪ ಬಿಡಲಿಲ್ಲ. ಹೊರಗೆ ಎಳೆಸೋಣವೆಂದರೆ, ಎಳೆಯುವ ಎತ್ತು ಯಾರವೆಂಬುದಕ್ಕೇ ಬಡಿದಾಟ. ಗೋಡೆ ಎರಡೂ ತುದಿಯಿಂದ ಎದ್ದು ಬಂದು, ಮೋಟಾರಿನ ಮುಂದೆ ಒಂದು ತುಂಡು, ಹಿಂದೆ ಒಂದು ತುಂಡಾಗಿ, ನಡುವೆ ಕೂಡದೆ ನಿಂತುಬಿಟ್ಟಿತ್ತು.

ಎರಡೂ ಮನೆಯ ಮಕ್ಕಳು ಮಾತ್ರ ಮೋಟಾರಿನ ಒಂದು ಬಾಗಿಲಲ್ಲಿ ಹತ್ತಿ ಇನ್ನೊಂದು ಬಾಗಿಲಲ್ಲಿ ಇಳಿಯುತ್ತಿದ್ದರು. ಸಿಕ್ಕಿಬಿದ್ದಾಗ ಎರಡೂ ಕಡೆ ಹೊಡೆತ ತಿನ್ನುತ್ತಿದ್ದರು.

ಮೋಟಾರಿನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಶಿವಬಸವ್ವನಿಗೆ. ಬೆಳಗಾದರೆ ಅದಕ್ಕೆ ಶಾಪ. “ಮನಿ ನಡುವ ಹೆಣಾ ಇಟಗೊಂಡು ಕುಂತೀರಲ್ಲೋ! ಯಾವಾಗ ಎತ್ತತೀರಿ ಇದನ್ನ?” ಎಂದು ಕೋಲಿನಿಂದ ಗಾಲಿಗೆ ಹೊಡೆಯುತ್ತಿದ್ದಳು. ಈಗಲೂ ಕಟ್ಟೆಯ ಮೇಲೆ ಕೂತು ಹೊಡೆಯುವಂತೆಯೇ ನೋಡುತ್ತಿದ್ದಳು.

“ಅಪ್ಪನ ಆಣಿ ಮಾಡಿ ಹೇಳು, ನೀ ಹಾಕಿಲ್ಲಂತ!” ಕರಬಸಪ್ಪ ತಮ್ಮನ ಅಂಗಿಯ ಕೊರಳಪಟ್ಟಿ ಹಿಡಿದ.

“ಅಪ್ಪನ ಹೆಸರು ನಿನ್ನ ಬಾಯಾಗ ಬ್ಯಾಡ!”

ದ್ಯಾಮಪ್ಪ ಕೊಸರಿಕೊಂಡ. ಕೈಗೆ ಸಿಕ್ಕಿದ್ದು ಮೋಟಾರಿನ ಹ್ಯಾಂಡಲ್. ಬೀಸಿಬಿಟ್ಟ. ತಲೆಗೆ ಬರುತ್ತಿದ್ದ ಏಟಿಗೆ ಕರಬಸಪ್ಪ ಮೊಳಕೈ ಅಡ್ಡ ಹಿಡಿದ. ಕಬ್ಬಿಣ ಎಲುಬಿಗೆ ತಾಗಿದ ಸದ್ದು ಎರಡೂ ಅಡುಗೆಮನೆಗೆ ಕೇಳಿಸಿತು.

ರಕ್ತ ಕಂಡೊಡನೆ ದ್ಯಾಮಪ್ಪ ಹ್ಯಾಂಡಲ್ ಎಸೆದ. ತನ್ನ ತಲೆಯ ರುಮಾಲನ್ನು ಬಿಚ್ಚಿ, “ಅಣ್ಣಾ, ಕೈ ಎತ್ತು, ಮ್ಯಾಲೆ ಎತ್ತು” ಎನ್ನುತ್ತ ಸುತ್ತತೊಡಗಿದ. ಎರಡು ಸುತ್ತು ಸುತ್ತುವವರೆಗೆ ಇಬ್ಬರಿಗೂ ಏನೂ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. ಕರಬಸಪ್ಪ ಕೈ ಕಿತ್ತುಕೊಂಡ. ರುಮಾಲು ಮಾತ್ರ ಕೈಮೇಲೆಯೇ ಉಳಿಯಿತು.

“ಬಡದಾಡಿ ಸಾಯ್ರಿ!” ಶಿವಬಸವ್ವ ಕಟ್ಟೆಯಿಂದ ಕೂಗಿದಳು. “ಒಂದ ಹೊಟ್ಟ್ಯಾಗ ಹುಟ್ಟಿದವರು ಏನೋ ನೀವು? ಗುಜರಿಗೆ ಹಾಕತೀರೋ, ರಿಪೇರಿ ಮಾಡತೀರೋ, ಈಗ ಹೇಳ್ರಿ!”

“ಗುಜರಿ!” ಎಂದ ದ್ಯಾಮಪ್ಪ.

“ಹುಬ್ಬಳ್ಳಿಯಿಂದ ಬ್ಯಾರೆ ಎಂಜಿನ್ನ ತರ್ತೇನಿ. ಅಲ್ಲೀತನಕಾ ಯಾವನರ ಇದನ್ನ ಮುಟ್ಟಲಿ, ಕೈ ಕಡೀತೇನಿ!” ಎಂದ ಕರಬಸಪ್ಪ.

“ನೀ ಚಾಲೂ ಮಾಡೂದನ್ನ ನಾನೂ ನೋಡ್ತೇನಿ!”

ಎರಡು ಬಾಗಿಲು ಒಟ್ಟಿಗೆ ಬಡಿದುಕೊಂಡವು.

ಅಂಗಳದಲ್ಲಿ ಜಮಾಲಸಾಬನೊಬ್ಬನೇ ಉಳಿದ. ನಟ್ಟು ಬಿಚ್ಚುವ ಪಾನಾಗಳನ್ನು ಒಂದೊಂದಾಗಿ ಚೀಲಕ್ಕೆ ಎಸೆಯತೊಡಗಿದ. ಅವನ ಸಿಟ್ಟೂ ಕಡಿಮೆಯದಾಗಿರಲಿಲ್ಲ. ಮಿಸ್ತ್ರಿಯೇ ಕೆಡಿಸಿದನೆಂದು ನಾಳೆ ಸವಣೂರಿನಲ್ಲೂ ಶಿಗ್ಗಾವಿಯಲ್ಲೂ ಆಡಿಕೊಳ್ಳುವ ಜನ ಇದ್ದರು.

ಶಿವಬಸವ್ವ ಕೋಲೂರಿಕೊಂಡು ಬಂದು ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟಳು. ಅವನು ಮುಟ್ಟಲಿಲ್ಲ.

“ಬ್ಯಾಡ್ರಿ ಅವ್ವಾರ. ಇನ್ನ ಈ ಮನಿ ಕೆಲಸಾ ನನಗ ಬ್ಯಾಡ. ಒಬ್ಬಾತ ಕಟ್ಟೂದು, ಇನ್ನೊಬ್ಬಾತ ಕೆಡಸೂದು. ನನ್ನ ಹೆಸರು ಮಣ್ಣಾತು. ಇಬ್ಬರೊಳಗ ಯಾರು ಹಾಕಿದ್ರು ಅಂತ ನಿಮಗರ ಗೊತ್ತೇನ್ರಿ?”

ಶಿವಬಸವ್ವ ಎರಡೂ ಬಾಗಿಲುಗಳತ್ತ ನೋಡಿದಳು. ಒಳಗೆ ಪಾತ್ರೆ ಕುಕ್ಕುವ ಸದ್ದು. ಆಗಲೇ ಕರಬಸಪ್ಪನ ಕಿರಿಯ ಮಗಳು ಅಪ್ಪನ ಕಣ್ಣು ತಪ್ಪಿಸಿ ಬಂದು, ಮೋಟಾರಿನೊಳಗೆ ಹತ್ತಿ, ಆ ಕಡೆ ಇಳಿದು, ಚಿಕ್ಕಪ್ಪನ ಪಡಸಾಲೆಗೆ ಓಡಿಹೋದಳು. ಮುದುಕಿ ಮಿಸ್ತ್ರಿಯ ಹತ್ತಿರಕ್ಕೆ ಬಗ್ಗಿದಳು. ಮುಖದ ಸಿಟ್ಟು ಹಾಗೇ ಇತ್ತು.

“ಇದು ಇಲ್ಲಿಂದ ಅಲ್ಲಾಡಿದ ದಿನಾನ ಗ್ವಾಡಿ ಕೂಡತೈತಿ, ತಮ್ಮಾ,” ಎಂದಳು. “ದೊಡ್ಡಾಂವ ಬ್ಯಾರೆ ಎಂಜಿನ್ನ ತಂದ್ರ ಒಲ್ಲೆ ಅನಬ್ಯಾಡ, ಬಂದು ಜೋಡ್ಸು. ಎಣ್ಣಿ ನೀ ಹಾಕು. ಉಸುಕು ನಾ ಹಾಕ್ತೇನಿ.”