ಎಡಗಡೆಯ ಫೋಟೊ

"ತಿದ್ದೋಕೆ ಮುಂಚಿನದು, ತಿದ್ದಿದ ಮೇಲಿನದು ಎರಡನ್ನೂ ಅಕ್ಕಪಕ್ಕ ಹಾಕೋಣ ಸಾರ್. ನಿಮ್ಮ ಕೈಚಳಕ ನೋಡಿಯೇ ಗಿರಾಕಿಗಳು ಬರ್ತಾರೆ" ಎಂದಳು ವೆಬ್‌ಸೈಟ್ ಮಾಡುವ ಹುಡುಗಿ.

ಫೋಟೊಗ್ರಾಫರ್ ಒಂದು ಸೀಮಂತದ ಫೋಟೊ ಆರಿಸಿದ. ಎಡಗಡೆಯದರಲ್ಲಿ, ಬಸುರಿಯ ಹಸಿರು ಬಳೆಗಳಿಗಿಂತ ಮೇಲೆ, ತೋಳಿನಲ್ಲಿ ಬೆರಳೂರಿದಂತೆ ಕಂದಿದ ಗುರುತುಗಳು. ಬಲಗಡೆಯದರಲ್ಲಿ ನುಣುಪಾದ ತೋಳು. "ಅದನ್ನ ಅಳಿಸಿಬಿಡಿ" ಎಂದು ಅಂದು ಅವಳ ಗಂಡ ಹೇಳಿದ್ದ. ಏನಾಯಿತೆಂದು ಇವನು ಕೇಳಿರಲಿಲ್ಲ.

ಈಗ ವೆಬ್‌ಸೈಟ್ ತೆರೆದಾಗಲೆಲ್ಲ ಇವನ ಕಣ್ಣು ಎಡಗಡೆಗೇ ಹೋಗುತ್ತಿತ್ತು.

ಒಂದು ದಿನ ಅವಳದೇ ಫೋನ್ ಬಂತು.

"ತಪ್ಪಾಯ್ತಮ್ಮ, ನಿಮ್ಮನ್ನ ಕೇಳದೆ ಹಾಕಿಬಿಟ್ಟೆ. ಈಗಲೇ ತೆಗೀತೀನಿ."

"ತೆಗೀಬೇಡಿ ಅಣ್ಣ, ನಮ್ಮ ಲಾಯರ್ ನೋಡ್ಬೇಕಂತೆ. ನೀವು ಕೊಟ್ಟ ಆಲ್ಬಮ್‌ನಲ್ಲಿ ಒಂದು ಗುರುತೂ ಉಳಿದಿಲ್ಲ."