ಗಾಜಿನ ಹಿಂದಿನ ಪಟ್ಟಿ

ಅಟೆಂಡರನಿಗೆ ದೃಷ್ಟಿ ಇರಲಿಲ್ಲ. ಕಣ್ಣುಗಳು ಮಾತ್ರ ನೆಟ್ಟಗಿದ್ದವು. ಕಣ್ಣಿನ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಹಾಗೆಂದೇ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದುಕೊಂಡು ಹೆಂಡತಿ ಅವನನ್ನು, ಅವನು ಇಪ್ಪತ್ತಾರು ವರ್ಷ ಕೆಲಸ ಮಾಡಿದ ಲ್ಯಾಬಿಗೇ ಕರೆತಂದಿದ್ದಳು.

“ನೀವೇ ಹೇಳಿ ಮೇಡಂ,” ಎಂದಳು ಸಂಶೋಧಕಿಗೆ. “ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಮೂರು ತಿಂಗಳಾಯ್ತು. ನಾನು ಎದುರಿಗೆ ನಿಂತ್ರೆ ಯಾರು ಅಂತಾರೆ. ಅದೇ ನಿನ್ನೆ ಬೀದೀಲಿ ಸೈಕಲ್ ಬಂತು. ಬೆಲ್ಲೂ ಇಲ್ಲ, ಸದ್ದೂ ಇಲ್ಲ, ಸರಕ್ಕನೆ ಪಕ್ಕಕ್ಕೆ ಸರಿದ್ರು. ಸೈಕಲ್ ಕಾಣುತ್ತೆ, ಹೆಂಡತಿ ಕಾಣಲ್ಲ. ಇದ್ಯಾವ ಸೀಮೆ ಕುರುಡು?”

“ಸೈಕಲ್ಲೂ ಕಾಣ್ಲಿಲ್ಲ ಕಣೇ. ಕಾಲು ತಾನಾಗೇ ಸರೀತು.”

“ಕೇಳಿ. ಇವರ ಕಾಲಿಗೆ ಕಣ್ಣಿದೆಯಂತೆ.” ಅವಳು ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಕತ್ತು ಒರೆಸಿಕೊಂಡಳು. “ಒಂದೋ ನಾಟಕ ಆಡ್ತಿದ್ದಾರೆ, ಇಲ್ಲ ವಾಸಿ ಆಗ್ತಿದೆ. ಯಾವ್ದು ಹೇಳಿದ್ರೂ ನಂಗೆ ಸಂತೋಷಾನೇ. ನಾಟಕ ಅಂದ್ರೆ ಮನೇಲಿ ನಾಲ್ಕು ಬೈತೀನಿ, ಅಷ್ಟೇ.”

ಸಂಶೋಧಕಿಯದು ಕಪ್ಪೆಗಳ ಕೆಲಸ. ಕಪ್ಪೆಯ ನಡುಮಿದುಳಿಗೆ ಕೂದಲಿಗಿಂತ ತೆಳ್ಳಗಿನ ತಂತಿ ಇಳಿಸುತ್ತಾಳೆ. ಎದುರಿಗೆ ಗಾಜು, ಗಾಜಿನ ಹಿಂದೆ ಒಂದು ಕಪ್ಪು ಕಾಗದದ ಪಟ್ಟಿ. ಪಟ್ಟಿ ಅಡ್ಡ ಮಲಗಿ ಉದ್ದುದ್ದಕ್ಕೆ ಹುಳದ ಹಾಗೆ ಹರಿದರೆ ಒಳಗಿನ ನರಕೋಶ ಮಿಡಿಯುತ್ತದೆ, ಸ್ಪೀಕರ್ ಚಟಚಟ ಎನ್ನುತ್ತದೆ. ಅದೇ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಎಳೆದರೆ ಸದ್ದು ಅಡಗುತ್ತದೆ. ಕದಲದೆ ಬಿಟ್ಟರಂತೂ ಕಪ್ಪೆಯ ಪಾಲಿಗೆ ಅಲ್ಲಿ ಏನೂ ಇಲ್ಲ. ಇಷ್ಟು ವರ್ಷ ಆ ಪಟ್ಟಿ ಎಳೆದದ್ದು ಅಟೆಂಡರನ ಕೈ.

ಅವಳು ಅವನನ್ನು ಕಪ್ಪೆ ಇಡುವ ಜಾಗದಲ್ಲಿ, ಗಾಜಿನ ಎದುರಿಗೆ ಕೂರಿಸಿದಳು.

“ಪಟ್ಟಿ ಎಡಕ್ಕೋ ಬಲಕ್ಕೋ ಹೋಗುತ್ತೆ ಅಣ್ಣ. ಹೋದ ಕಡೆ ಕೈ ತೋರಿಸಿ.”

“ಕಾಣದ್ದನ್ನ ಹೆಂಗೆ ತೋರಿಸ್ಲಿ ಮೇಡಂ?”

“ತೋಚಿದ ಕಡೆ.”

“ಅಡ್ಡ ಇಟ್ಟಿದ್ದೀರಿ ತಾನೆ? ನೆಟ್ಟಗಿಟ್ರೆ ನಾನು ತಿರುಗೂ ನೋಡಲ್ಲ.”

ಹೆಂಡತಿಗೂ ನಗು ಬಂತು. ಆಮೇಲೆ ಯಾರೂ ನಗಲಿಲ್ಲ. ಸಂಶೋಧಕಿ ಸದ್ದಾಗದಂತೆ ಇಪ್ಪತ್ತು ಸಲ ಪಟ್ಟಿ ಎಳೆದಳು. ಪ್ರತಿ ಸಲವೂ ಅವನ ಕೈ ಎದ್ದು ಒಂದು ಕಡೆ ಹೋಯಿತು. ಪ್ರತಿ ಸಲವೂ ಅವಳು “ಏನಾದ್ರೂ ಕಾಣಿಸ್ತಾ?” ಎಂದಳು. ಅವನು “ಇಲ್ಲ” ಎಂದ. ಹೆಂಡತಿ ಬೆರಳು ಮಡಿಸುತ್ತಾ ಲೆಕ್ಕ ಇಟ್ಟಳು.

“ಹದಿನೆಂಟು ಸರಿ,” ಎಂದಳು. “ಕಾಣುತ್ತೆ ಅಂತಾಯ್ತಲ್ಲ. ಸೋಮವಾರದಿಂದ ಕೆಲಸಕ್ಕೆ ಕಳಿಸ್ತೀನಿ ಬಿಡಿ.”

ಸಂಶೋಧಕಿ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಅಕ್ಕ, ನೋಡಿದ್ದು ನೋಡಿದೆ ಅಂತ ಗೊತ್ತಾಗೋದು ಮಿದುಳಿನ ಹಿಂದಿನ ಭಾಗದಿಂದ. ಅದು ಸತ್ತುಹೋಗಿದೆ. ಈಗ ಕೈ ಎತ್ತಿಸಿದ್ದು ಅದರ ಕೆಳಗಿನ ನಡುಮಿದುಳು, ಕಪ್ಪೆಗಿರೋ ಥರದ್ದೇ. ಏನಾದ್ರೂ ಅಲುಗಾಡಿದ್ರೆ ಕೈಕಾಲನ್ನ ಆ ಕಡೆ, ಈ ಕಡೆ ತಿರುಗಿಸುತ್ತೆ. ಅಲುಗಾಡಿದ್ದು ಏನು, ಯಾರು, ಅಂತ ಇವರಿಗೆ ಹೇಳಲ್ಲ.”

“ವಾಸಿ ಆಗ್ತಾ ಆಗ್ತಾ ಹೇಳುತ್ತೇನೋ.”

“ಸತ್ತದ್ದು ಮತ್ತೆ ಹುಟ್ಟಲ್ಲ ಅಕ್ಕ.”

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಗಾಜಿನ ಕಡೆಗೇ ಮುಖ ಮಾಡಿ ಕುಳಿತಿದ್ದ.

“ನಂಗೆ ಮೊದಲ ವಾರಾನೇ ಗೊತ್ತಾಯ್ತು,” ಎಂದ. “ಇಪ್ಪತ್ತಾರು ವರ್ಷ ಇದನ್ನೇ ತಾನೆ ನೋಡಿದ್ದು. ಇವಳಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಾಟಕ ಅಂತ ಬೈಕೊಂಡಿರ್ಲಿ, ಬೈಯೋವಾಗ ಚೆನ್ನಾಗಿರ್ತಾಳೆ ಅಂತ ಸುಮ್ಮನಿದ್ದೆ.”

ಹೆಂಡತಿ ಚಪ್ಪಲಿ ಕಳಚಿಟ್ಟು, ಹೆಜ್ಜೆ ಸದ್ದಾಗದಂತೆ ಮೇಜು ಬಳಸಿ ಗಾಜಿನ ಹಿಂದೆ ಹೋದಳು. ಮಂಡಿಯೂರಿ ಕುಳಿತು, ಮುಖವನ್ನು ಗಾಜಿನ ಹತ್ತಿರ ತಂದು, ಅವನ ಎಡದಿಂದ ಬಲಕ್ಕೆ ನಿಧಾನವಾಗಿ ಸರಿದಳು. ಅಟೆಂಡರನ ಕೈ ಎದ್ದಿತು. ಬಲಕ್ಕೆ ಹೋಯಿತು. ಅವಳ ಕೆನ್ನೆ ಇದ್ದಲ್ಲಿಗೇ ಬಂದು ಗಾಜಿನ ಮೇಲೆ ನಿಂತಿತು. ಅವಳೂ ಅಲ್ಲೇ ಕದಲದೆ ಉಳಿದಳು.

“ಏನಾದ್ರೂ ಕಾಣಿಸ್ತಾ?” ಸಂಶೋಧಕಿಗೆ ಅಭ್ಯಾಸಬಲದಿಂದ ಬಾಯಿಗೆ ಬಂತು.

“ಇಲ್ಲ ಮೇಡಂ. ಇನ್ನೂ ಎಷ್ಟಿದೆ?”

ಕೈ ಕೆಳಗಿಳಿಯಿತು. ಸಂಶೋಧಕಿ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ತೋರಿಸಿದ್ದು ಇಪ್ಪತ್ತೊಂದು ಸಲ. ಕೈ ಸರಿಯಾಗಿ ಹೋದದ್ದು ಹತ್ತೊಂಬತ್ತು. ಕಂಡದ್ದು ಸೊನ್ನೆ.