ಹೊಂಗೆಮರದ ಲೈವ್

ಲೈವ್‌ನಲ್ಲಿ ಬಾಯಿಂದ ಮಾತೇ ಹೊರಡದಿದ್ದರೆ ಏನು ಗತಿ ಎಂದು ಪಾರ್ಕಿನ ಇನ್‌ಸ್ಟಾ ಪೇಜು ನೋಡಿಕೊಳ್ಳುವ ಶರ್ವಾಣಿಗೆ ಬೆಳಗಿನಿಂದಲೇ ಅಳುಕು. ಮುದಿ ಹೊಂಗೆಮರ ತಾನು ಮಾಲ್‌ಗೆ ಹೊರಟೆನೆಂದು ತನ್ನ ಫಾಲೋವರ್‌ಗಳಿಗೆ ತಿಳಿಸಿ, ಆಗಲೇ ಅರ್ಧ ಬೇರು ಕಿತ್ತುಕೊಂಡು ನಿಂತಿತ್ತು. ಉಳಿದಿದ್ದ ಮರ ಅದೊಂದೇ. ಅದೂ ಹೋದರೆ ಪಾರ್ಕಿಗೆ ಬೀಗ.

ಲೈವ್ ಶುರುಮಾಡಿ ಫೋನು ಎತ್ತಿ ಹಿಡಿದು, ಜನರ ಅಗತ್ಯ ಕೇಳಿ ಪರಿಹಾರ ಹುಡುಕುವ ಡಿಸೈನ್ ಥಿಂಕಿಂಗ್ ತರಬೇತಿಯಲ್ಲಿ ಕೊಟ್ಟಿದ್ದ ಪ್ರಶ್ನೆಗಳ ಹಳದಿ ಚೀಟಿ ನೋಡಿಕೊಂಡು ಅವಳು ಕೇಳಿದಳು: "ತಾತ, ನಿಮ್ಮ ಅಗತ್ಯವೇನು?"

"ರೀಲ್ಸ್‌ಗೆ ಒಳ್ಳೆ ಲೈಟು. ಅಲ್ಲಿ ಎಸಿನೂ ಇದೆಯಂತೆ."

"ಎಲೆ ಒಣಗತ್ತೆ."

"ಫಿಲ್ಟರ್ ಹಾಕ್ತಾರೆ ಬಿಡು." ಮರ ಇನ್ನೊಂದು ಬೇರು ಎಳೆದುಕೊಂಡಿತು. "ಬಂದವರೆಲ್ಲ ನನ್ನನ್ನೇ ಕೇಳ್ತೀರಿ. ನಿಂಗೇನಮ್ಮ ಬೇಕು?"

ಶರ್ವಾಣಿ ಚೀಟಿ ಮಡಚಿ, ಫೋನು ಕೆಳಗಿಳಿಸಿದಳು.

"ಹೋಗ್ಬೇಡಿ ತಾತ. ನಾನು ಮನಸು ಬಿಚ್ಚಿ ಮಾತಾಡೋದು ನಿಮ್ಮ ಹತ್ರ ಮಾತ್ರ."